ಕಬ್ಬಿನ ಟ್ರೇಲರ್ ಎಳೆಯಲು ಹಳೆಯ ಫೋರ್‌ವೀಲ್ ಟ್ರ್ಯಾಕ್ಟರ್: ಕೊಳ್ಳುವ ಮುನ್ನ ನೋಡಬೇಕಾದದ್ದು

ದೀಪಾವಳಿಯ ಆಸುಪಾಸಿನಲ್ಲಿ ಸಕ್ಕರೆ ಕಾರ್ಖಾನೆಗಳ ಚಿಮಣಿಗಳು ಹೊಗೆಯಾಡಲು ತೊಡಗಿದಾಗ, ಘಟಪ್ರಭಾ ಮತ್ತು ಕೃಷ್ಣಾ ದಂಡೆಯ ಎರೆ ಹೊಲಗಳಲ್ಲಿ ಮಳೆಯ ಹಸಿ ಇನ್ನೂ ಪೂರ್ತಿ ಆರಿರುವುದಿಲ್ಲ. ಮುಧೋಳ, ಜಮಖಂಡಿ, ಗೋಕಾಕ, ರಾಯಬಾಗ, ಅಥಣಿ, ಯಾವ ತಾಲ್ಲೂಕಿನ ಹೊಲದ ಬದುವಿನ ಮೇಲೆ ನಿಂತರೂ ಕಾಣುವುದು ಒಂದೇ. ಕಟಾವಿನ ಗ್ಯಾಂಗಿನವರು ಟ್ರೇಲರ್ ತುಂಬಿ ಹಗ್ಗ ಬಿಗಿದು ಕೆಳಗಿಳಿಯುತ್ತಾರೆ, ಚಾಲಕ ಮೊದಲನೇ ಗೇರಿಗೆ ಹಾಕಿ ಕ್ಲಚ್ ಬಿಡುತ್ತಾನೆ, ಹಿಂದಿನ ದೊಡ್ಡ ಗಾಲಿಗಳು ನಿಂತಲ್ಲೇ ಸುತ್ತಿ ಎರಡು ಕುಣಿ ತೋಡುತ್ತವೆ, ಮುಂದಿನ ಗಾಲಿಗಳು ನೆಲ ಬಿಟ್ಟು ಮೇಲೇಳುತ್ತವೆ. ಆಮೇಲೆ ಪಕ್ಕದ ಹೊಲದವರ ಟ್ರ್ಯಾಕ್ಟರನ್ನು ಕರೆಸಿ ಸರಪಳಿ ಹಾಕಿ ಎಳೆಸುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ, ಕಡಿದ ಕಬ್ಬು ಬಿಸಿಲಿಗೆ ಒಣಗಿ ತೂಕ ಕಳೆದುಕೊಂಡಿರುತ್ತದೆ. ಈ ತೊಂದರೆಗೆ ಬೇಸತ್ತವರು ಫೋರ್‌ವೀಲ್, ಅಂದರೆ ಇಂಜಿನ್ ನಾಲ್ಕೂ ಗಾಲಿಗಳನ್ನು ತಿರುಗಿಸುವ, ಟ್ರ್ಯಾಕ್ಟರ್ ಕೊಳ್ಳಲು ಹೊರಡುತ್ತಾರೆ. ಹೊಸದು ಹತ್ತು ಲಕ್ಷ ದಾಟುವುದರಿಂದ ಹಳೆಯದನ್ನು ಹುಡುಕುತ್ತಾರೆ.

ಹಳೆಯದನ್ನು ನೋಡಲು ಹೋದವರು ಸಾಮಾನ್ಯವಾಗಿ ಇಂಜಿನ್ ಸದ್ದು ಕೇಳುತ್ತಾರೆ, ಬಣ್ಣ ನೋಡುತ್ತಾರೆ, ಗಂಟೆಯ ಮೀಟರ್ ಓದಿ ಬೆಲೆಯ ಮಾತಿಗೆ ಕೂಡುತ್ತಾರೆ. ನನ್ನ ಅನುಭವದಲ್ಲಿ ಈ ಕ್ರಮ ತಿರುವುಮುರುವಾಗಿದೆ. ಇಂಜಿನ್ ಕೆಟ್ಟರೆ ಮಾಡಿಕೊಡುವ ಮಿಸ್ತ್ರಿ ಪ್ರತಿ ಹೋಬಳಿಯಲ್ಲಿ ಸಿಗುತ್ತಾನೆ. ಮುಂದಿನ ಆಕ್ಸಲ್ (ಎರಡು ಗಾಲಿಗಳನ್ನು ಕೂಡಿಸಿ ತಿರುಗಿಸುವ ಅಡ್ಡ ಭಾಗ) ಒಳಗಿನ ಗೇರಿನ ಹಲ್ಲು ಮುರಿದರೆ ಸಾಮಾನು ತರಿಸುವುದೇ ವಾರಗಟ್ಟಲೆಯ ಕೆಲಸ. ನೀವು ಹೆಚ್ಚಿನ ಹಣ ಕೊಡುತ್ತಿರುವುದೇ ಆ ಆಕ್ಸಲಿಗಾಗಿ. ಆದ್ದರಿಂದ ಅದನ್ನೇ ಮೊದಲು ನೋಡಬೇಕು, ಅದು ಸರಿಯಿದ್ದರೆ ಮಾತ್ರ ಇಂಜಿನ್ ಕಡೆಗೆ ಕಣ್ಣು ಹಾಯಿಸಬೇಕು.

ಅದಕ್ಕೂ ಮೊದಲು, ನಿಮಗೆ ಫೋರ್‌ವೀಲ್ ನಿಜವಾಗಿ ಬೇಕೇ ಎಂಬ ಲೆಕ್ಕವನ್ನು ಮನೆಯಲ್ಲಿ ಕುಳಿತು ಹಾಕಿಕೊಳ್ಳಿ. ಒಂದು ಟ್ರೇಲರ್ ಕಬ್ಬು ಸಮೇತ 8 ಟನ್ ಇದೆ ಎಂದಿಟ್ಟುಕೊಳ್ಳೋಣ. ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಅದನ್ನು ಉರುಳಿಸಲು ಅದರ ತೂಕದ ನೂರಕ್ಕೆ 2ರಿಂದ 3 ಭಾಗದಷ್ಟು, ಅಂದರೆ 160ರಿಂದ 240 ಕೆಜಿ ಎಳೆತ ಸಾಕು. ಅದೇ ಟ್ರೇಲರನ್ನು ಹಸಿ ಎರೆ ಹೊಲದಿಂದ ಹೊರತರಲು ನೂರಕ್ಕೆ 12 ಎಂದು ಹಿಡಿದರೂ 960 ಕೆಜಿ ಬೇಕಾಗುತ್ತದೆ. ಸುಮಾರು 2.1 ಟನ್ ತೂಗುವ ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಹಿಂದಿನ ಗಾಲಿಗಳ ಮೇಲೆ ಬೀಳುವುದು ಮೂರರಲ್ಲಿ ಎರಡು ಪಾಲು, ಅಂದರೆ 1.4 ಟನ್, ಹಸಿ ಮಣ್ಣಿನಲ್ಲಿ ಗಾಲಿಯ ಹಿಡಿತವು ಅದರ ಮೇಲಿನ ತೂಕದ ಅರ್ಧಕ್ಕಿಂತ ಕಡಿಮೆಯೇ, ನೂರಕ್ಕೆ 45 ಎಂದು ಹಿಡಿದರೆ, ಎಳೆತ 630 ಕೆಜಿಗೆ ನಿಂತುಬಿಡುತ್ತದೆ. ಫೋರ್‌ವೀಲಿನಲ್ಲಿ 2.4 ಟನ್ನಿನ ಇಡೀ ತೂಕವೂ ಎಳೆಯುವ ಗಾಲಿಗಳ ಮೇಲೆಯೇ ಇರುತ್ತದೆ, ಆದ್ದರಿಂದ ಅದೇ ಹಿಡಿತದಲ್ಲಿ 1080 ಕೆಜಿ ಸಿಗುತ್ತದೆ. ಟ್ರೇಲರಿನ ಮುಂಭಾಗವು ಹುಕ್ಕಿನ ಮೇಲೆ ಹೊರಿಸುವ ಭಾರವನ್ನು ನಾನು ಈ ಲೆಕ್ಕದಲ್ಲಿ ಸೇರಿಸಿಲ್ಲ, ಇದು ಅಂದಾಜು ಮಾತ್ರ. ಆದರೂ ಒಂದು ಮಾತು ಇದರಿಂದ ಸ್ಪಷ್ಟವಾಗುತ್ತದೆ: ಹೊಲದಲ್ಲಿ ಸೋಲುವುದು ಎಚ್‌ಪಿ ಅಲ್ಲ, ಹಿಡಿತ. 45 ಎಚ್‌ಪಿಯ ಬದಲು 60 ಎಚ್‌ಪಿಯ ಟೂವೀಲ್ (ಹಿಂದಿನ ಎರಡೇ ಗಾಲಿ ಎಳೆಯುವ ಸಾಮಾನ್ಯ ಟ್ರ್ಯಾಕ್ಟರ್) ತಂದರೆ ಕುಣಿ ಇನ್ನಷ್ಟು ಬೇಗ ಆಳವಾಗುತ್ತದೆ, ಅಷ್ಟೆ. ನಿಮ್ಮದು ಮಸಾರಿ ಅಥವಾ ಮಡ್ಡಿ ನೆಲವಾಗಿದ್ದು, ಹೊಲದ ತನಕ ಗರಸಿನ ದಾರಿ ಇದ್ದರೆ ಫೋರ್‌ವೀಲಿಗೆ ಹಣ ಹಾಕಬೇಡಿ. ಒಳ್ಳೆಯ ಟೂವೀಲ್ ತೆಗೆದುಕೊಂಡು ಉಳಿದ ಹಣವನ್ನು ಟೈರಿಗೆ ಇಡಿ.

ಆಕ್ಸಲ್ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಗೆ 55 ಎಚ್‌ಪಿಯ ಒಂದು ಫೋರ್‌ವೀಲ್ ಟ್ರ್ಯಾಕ್ಟರನ್ನು ದಲಾಲಿಯೊಬ್ಬರ ಮೂಲಕ ತಂದೆವು. ಬಣ್ಣ ಹೊಸದು, ಇಂಜಿನ್ ಒಂದೇ ಸೆಲ್ಫ್ ಸ್ಟಾರ್ಟಿಗೆ ಹತ್ತುತ್ತಿತ್ತು, ಹೊಗೆ ಇರಲಿಲ್ಲ. ಜನವರಿಯಲ್ಲಿ ತುಂಬಿದ ಟ್ರೇಲರ್ ಸಮೇತ ಹೊಲದಿಂದ ದಾರಿಗೆ ತಿರುಗಿಸುವಾಗ ಮುಂದಿನಿಂದ ಕಲ್ಲು ಒಡೆದಂತೆ ಸದ್ದು ಬಂದು ಎಡಗಡೆಯ ಗಾಲಿ ನಿಂತುಹೋಯಿತು. ಮಿಸ್ತ್ರಿ ಹಬ್ಬಿನ (ಗಾಲಿಯ ನಡುವೆ ಗೇರು, ಬೇರಿಂಗು ಇರುವ ಭಾಗದ) ಕೆಳಗಿನ ನಟ್ಟು ಬಿಚ್ಚಿದಾಗ ಬಂದದ್ದು ಆಯಿಲ್ ಅಲ್ಲ, ಹಾಲು ಹೆಚ್ಚಾದ ಚಹಾದಂಥ ನೀರು. ಅದರ ಹಿಂದೆ ಬಟ್ಟಲಿನ ತಳದಲ್ಲಿ ಕುಳಿತ ನುಣುಪಾದ ಕೆಸರು, ಮತ್ತು ಆ ಕೆಸರಿನಲ್ಲಿ ಬೆರಳಿಗೆ ಚುಚ್ಚಿದ ಹಲ್ಲಿನ ಎರಡು ಚೂರು. ವಿಚಾರಿಸಿದಾಗ ತಿಳಿದದ್ದು, ಆ ಟ್ರ್ಯಾಕ್ಟರ್ ಹಿಂದಿನ ಹಂಗಾಮುಗಳನ್ನೆಲ್ಲ ಭತ್ತದ ಗದ್ದೆಯಲ್ಲಿ ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಗಾಲಿ) ಹಾಕಿಕೊಂಡು ಕೆಸರು ಕಲಸುವುದರಲ್ಲಿ ಕಳೆದಿತ್ತು. ಗದ್ದೆಯ ನೀರಿನಲ್ಲಿ ಮುಂದಿನ ಹಬ್ಬು ತಾಸುಗಟ್ಟಲೆ ಮುಳುಗಿರುತ್ತದೆ. ಆಯಿಲ್ ಸೋರದಂತೆ ತಡೆಯುವ ಸೀಲಿನ ಅಂಚು ಸವೆದಿದ್ದರೆ ನೀರು ಒಳಗೆ ಹೋಗಿ ಆಯಿಲಿನ ಜಾಗ ಹಿಡಿಯುತ್ತದೆ, ಬೇರಿಂಗು ತುಕ್ಕು ಹಿಡಿಯುತ್ತದೆ, ಹಲ್ಲು ಒಣಗಿ ತಿರುಗುತ್ತದೆ. ಹಂಗಾಮಿನ ನಡುವೆ ಮೂರು ವಾರ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ನಿಂತಿತು. ಗಂಗಾವತಿ, ಸಿಂಧನೂರು ಕಡೆಯ ನೀರಾವರಿ ಪ್ರದೇಶದಿಂದ ಬಂದ ಟ್ರ್ಯಾಕ್ಟರ್ ಎಂದ ಮಾತ್ರಕ್ಕೆ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಅದು ಯಾವ ಕೆಲಸದಿಂದ ಬಂದಿದೆ ಎಂದು ತಿಳಿದು, ಅದಕ್ಕೆ ತಕ್ಕಂತೆ ಬಿಚ್ಚಿ ನೋಡಬೇಕು ಎನ್ನುತ್ತೇನೆ.

ಈಗ ನೋಡುವ ಬಗೆ. ಇಂಜಿನ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟ ಮೇಲೆಯೇ ಕೆಳಗೆ ಬಗ್ಗಿ. ಮುಂದಿನ ಎರಡೂ ಹಬ್ಬುಗಳ ಹಿಂಬದಿ, ಗಾಲಿ ತಿರುಗುವ ಕಿಂಗ್‌ಪಿನ್ನಿನ ಮೇಲೆ ಮತ್ತು ಕೆಳಗೆ, ಎರಡೂ ಗಾಲಿಗೆ ಶಕ್ತಿ ಹಂಚುವ ನಡುವಿನ ಡಿಫರೆನ್ಷಿಯಲ್ ಗುಂಡಿನ ಕೀಲುಗಳಲ್ಲಿ ಬೆರಳಾಡಿಸಿ. ಒಣ ದೂಳು ಸಿಕ್ಕರೆ ಒಳ್ಳೆಯದು. ಎಣ್ಣೆಯಲ್ಲಿ ಕಲಸಿದ ಮಣ್ಣಿನ ಹೆಪ್ಪು ಸಿಕ್ಕರೆ ಸೀಲು ಹೋಗಿದೆ. ಆಗತಾನೆ ತೊಳೆದು ತಂದಿದ್ದರೆ ಅರ್ಧ ತಾಸು ಓಡಿಸಿ ಮತ್ತೆ ನೋಡಿ. ನಂತರ ಮಾರುವವರ ಒಪ್ಪಿಗೆ ಪಡೆದು, ಎರಡೂ ಹಬ್ಬುಗಳ ಮತ್ತು ನಡುವಿನ ಗುಂಡಿನ ಡ್ರೇನ್ ನಟ್ಟನ್ನು ಸಡಿಲಿಸಿ ಒಂದೊಂದು ಚಮಚದಷ್ಟು ಆಯಿಲನ್ನು ಬೇರೆ ಬೇರೆ ಸ್ಟೀಲ್ ಬಟ್ಟಲಿಗೆ ಬಿಡಿಸಿ. ರಾತ್ರಿಯಿಡೀ ನಿಂತ ಟ್ರ್ಯಾಕ್ಟರಿನಲ್ಲಿ ಮುಂಜಾನೆ ಹೀಗೆ ಮಾಡಿದರೆ ತಳಕ್ಕಿಳಿದ ನೀರು ಮೊದಲಿಗೇ ಬರುತ್ತದೆ. ಆಯಿಲ್ ಜೇನಿನ ಬಣ್ಣದಿಂದ ಕಪ್ಪಿನವರೆಗೆ ಹೇಗಿದ್ದರೂ ಚಿಂತೆಯಿಲ್ಲ, ಬೂದು ಅಥವಾ ಹಾಲಿನ ಬಣ್ಣಕ್ಕೆ ತಿರುಗಿರಬಾರದು. ಒಂದು ಹನಿಯನ್ನು ಎರಡು ಬೆರಳ ನಡುವೆ ತಿಕ್ಕಿ ಬಿಸಿಲಿಗೆ ಹಿಡಿಯಿರಿ: ಸಣ್ಣ ಮಿಂಚು ಇದ್ದರೆ ಸವೆತ ನಡೆದಿದೆ, ಅಯಸ್ಕಾಂತಕ್ಕೆ ಹತ್ತುವ ಪದರು ಪದರಾದ ಚೂರು ಇದ್ದರೆ ಹಲ್ಲೇ ಉದುರುತ್ತಿದೆ. ನಟ್ಟು ಬಿಚ್ಚಲು ಯಾವ ಕಾರಣಕ್ಕೂ ಒಪ್ಪದವರ ಟ್ರ್ಯಾಕ್ಟರನ್ನು ಅಲ್ಲಿಯೇ ಬಿಟ್ಟು ಬನ್ನಿ, ಇನ್ನೊಂದು ಸಿಗುತ್ತದೆ.

ಅದಾದ ಮೇಲೆ ಮುಂದಿನ ಆಕ್ಸಲಿಗೆ ಜ್ಯಾಕ್ ಕೊಟ್ಟು ಎರಡೂ ಗಾಲಿಗಳನ್ನು ನೆಲದಿಂದ ಎತ್ತಿ, ಕೆಳಗೆ ಗಟ್ಟಿಯಾದ ಕಟ್ಟಿಗೆಯ ಆಸರೆ ಇಡಿ. ಗಾಲಿಯನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲ್ಲಾಡಿಸಿದಾಗ ಕಟಕಟ ಎಂದರೆ ಕಿಂಗ್‌ಪಿನ್ ಅಥವಾ ಹಬ್ಬಿನ ಬೇರಿಂಗು ಸವೆದಿದೆ. ಗೇರಿನಲ್ಲಿ ಹಾಕಿ, ಫೋರ್‌ವೀಲ್ ಲಿವರ್ ಹಾಕಿ, ಒಂದು ಗಾಲಿಯನ್ನು ಕೈಯಿಂದ ತಿರುಗಿಸಿದರೆ ಇನ್ನೊಂದು ವಿರುದ್ಧ ದಿಕ್ಕಿಗೆ ತಿರುಗಬೇಕು. ಹಾಗೆ ತಿರುಗುವ ಮುನ್ನ ಇರುವ ಸಡಿಲು ಎರಡು ಬೆರಳಗಲಕ್ಕಿಂತ ಹೆಚ್ಚಿದ್ದರೆ ಮಿಸ್ತ್ರಿಯಿಂದ ಬಿಚ್ಚಿಸಿ ನೋಡದೆ ಮುಂದುವರಿಯಬೇಡಿ. ಆಕ್ಸಲ್ ತೂಗಾಡುವ ನಡುವಿನ ಪಿನ್ನಿಗೆ ಹಾರೆ ಕೊಟ್ಟು ಮೀಟಿ ಅಲ್ಲಿಯ ಬುಷ್ ನೋಡಿ. ಇಂಜಿನ್ ಕೆಳಗೆ ಹಾದು ಮುಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಶಾಫ್ಟಿನ ಕವರ್ ಇಲ್ಲದಿದ್ದರೆ, ಕಬ್ಬಿನ ರವದಿ (ಒಣ ಗರಿ) ಸುತ್ತಿಕೊಂಡು ಸೀಲನ್ನು ತಿಂದಿರುವ ಸಾಧ್ಯತೆ ಇರುತ್ತದೆ.

ಟೈರುಗಳ ಹೊಂದಾಣಿಕೆಯನ್ನು ನೋಡುವವರು ಬಹಳ ಕಡಿಮೆ. ಆಕ್ಸಲ್ ಹಾಳಾಗುವ ಅರ್ಧ ಕಥೆ ಅಲ್ಲಿಯೇ ಇದೆ ಎಂಬುದು ನನ್ನ ಬಲವಾದ ನಂಬಿಕೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಫೋರ್‌ವೀಲ್ ಟ್ರ್ಯಾಕ್ಟರಿನಲ್ಲಿ ಮುಂದಿನ ಗಾಲಿ ಚಿಕ್ಕದು, ಹಿಂದಿನದು ದೊಡ್ಡದು. ಈ ವರ್ಗದಲ್ಲಿ ಮುಂದೆ 9.5-24, ಹಿಂದೆ 16.9-28 ಎಂಬ ಅಳತೆ ಸಾಮಾನ್ಯ. ಎರಡೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ನೆಲದ ಮೇಲೆ ಸಾಗುವಂತೆ ಹಲ್ಲುಗಳ ಲೆಕ್ಕವನ್ನು ಕೂಡಿಸಿರುತ್ತಾರೆ, ಮತ್ತು ಮುಂದಿನ ಗಾಲಿ ಸದಾ ಎಳೆಯುತ್ತಿರಲಿ ಎಂದು ಅದನ್ನು ನೂರಕ್ಕೆ 1ರಿಂದ 5ರಷ್ಟು ಹೆಚ್ಚು ಓಡುವಂತೆ ಇಟ್ಟಿರುತ್ತಾರೆ. ಮಾಲೀಕರು ಹಿಂದೆ ಹೊಸ ಟೈರ್ ಹಾಕಿ ಮುಂದೆ ಸವೆದದ್ದನ್ನೇ ಬಿಟ್ಟರೆ, ಅಥವಾ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಅಳತೆಯದನ್ನು ಹಾಕಿದರೆ, ಈ ಲೆಕ್ಕ ತಪ್ಪಿ ಮುಂದಿನ ಗಾಲಿಯನ್ನು ಹಿಂದಿನದು ತಳ್ಳತೊಡಗುತ್ತದೆ. ಆ ತಿಕ್ಕಾಟವನ್ನೆಲ್ಲ ಶಾಫ್ಟು ಮತ್ತು ಹಲ್ಲುಗಳು ಹೊರುತ್ತವೆ.

ಇದನ್ನು ಅಳೆಯಲು ಒಂದು ಸೀಮೆಸುಣ್ಣ ಸಾಕು. ನಾಲ್ಕೂ ಟೈರಿಗೆ ಸರಿಯಾದ ಗಾಳಿ ತುಂಬಿಸಿ, ಮುಂದೆ ಒಂದು, ಹಿಂದೆ ಒಂದು ಗಾಲಿಗೆ ಗುರುತು ಹಾಕಿ. ಟ್ರೇಲರ್ ಇಲ್ಲದೆ, ಸಮತಟ್ಟಾದ ಮಣ್ಣಿನ ದಾರಿಯಲ್ಲಿ ಫೋರ್‌ವೀಲ್ ಬಿಟ್ಟು (ಲಿವರ್ ತೆಗೆದು) ನೆಟ್ಟಗೆ ನಿಧಾನವಾಗಿ ಓಡಿಸುತ್ತ, ಹಿಂದಿನ ಗಾಲಿ 10 ಸುತ್ತು ಹಾಕುವಷ್ಟರಲ್ಲಿ ಮುಂದಿನದು ಎಷ್ಟು ಸುತ್ತಿತು ಎಂದು ಎಣಿಸಿ, 13.5 ಬಂದಿತೆನ್ನೋಣ. ಅದೇ ದಾರಿಯಲ್ಲಿ ಫೋರ್‌ವೀಲ್ ಹಾಕಿ ಮತ್ತೆ ಎಣಿಸಿದಾಗ 13.9 ಬಂದರೆ, ಹೆಚ್ಚಿನ 0.4ನ್ನು 13.5ರಿಂದ ಭಾಗಿಸಿ ನೂರರಿಂದ ಗುಣಿಸಿ: ನೂರಕ್ಕೆ ಸುಮಾರು 3, ಸರಿಯಾಗಿದೆ. ಎರಡನೇ ಎಣಿಕೆ ಮೊದಲನೆಯದಕ್ಕಿಂತ ಕಡಿಮೆ ಬಂದರೆ, ಅಥವಾ ಹೆಚ್ಚಳ ನೂರಕ್ಕೆ 5ನ್ನು ಮೀರಿದರೆ, ಟೈರ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಹಿಡಿಯಿರಿ, ಮತ್ತು ಆ ಸ್ಥಿತಿಯಲ್ಲಿ ಎಷ್ಟು ದಿನ ಓಡಿದೆ ಎಂದು ಯೋಚಿಸಿ.

ಇದೇ ಕಾರಣಕ್ಕೆ ಮಾರುವವರ ಚಾಲಕನನ್ನು ಒಂದು ಪ್ರಶ್ನೆ ಕೇಳಬೇಕು: ಕಾರ್ಖಾನೆಗೆ ಹೋಗುವಾಗ ಡಾಂಬರು ರಸ್ತೆಯಲ್ಲಿ ಫೋರ್‌ವೀಲ್ ಲಿವರ್ ತೆಗೆಯುತ್ತಿದ್ದನೋ, ಹಾಗೆಯೇ ಓಡಿಸುತ್ತಿದ್ದನೋ? ಮೆತ್ತನೆಯ ಮಣ್ಣಿನಲ್ಲಿ ಗಾಲಿ ತುಸು ಜಾರಿ ಆ ನೂರಕ್ಕೆ 3ರ ವ್ಯತ್ಯಾಸವನ್ನು ಸರಿದೂಗಿಸಿಕೊಳ್ಳುತ್ತದೆ, ಗಟ್ಟಿ ರಸ್ತೆಯಲ್ಲಿ ಜಾರಲು ಎಡೆಯಿಲ್ಲ. ಮೂವತ್ತು ಕಿಲೋಮೀಟರ್ ದೂರದ ಕಾರ್ಖಾನೆಗೆ ಫೋರ್‌ವೀಲಿನಲ್ಲಿಯೇ ಓಡಿದ ಟ್ರ್ಯಾಕ್ಟರಿನ ಮುಂದಿನ ಟೈರುಗಳ ಗುಬ್ಬಿಗಳು (ಉಬ್ಬು ಪಟ್ಟಿಗಳು) ಹಿಂದಿನವುಗಳಿಗಿಂತ ಬಹಳ ಬೇಗ ಸವೆದು ಅಂಚು ಚೂಪಾಗಿರುತ್ತವೆ. ಚಾಲಕ ಏನೇ ಹೇಳಲಿ, ಆ ಅಂಚಿನ ಮೇಲೆ ಅಂಗೈ ಆಡಿಸಿ ನೋಡಿ. ಬಹುತೇಕ ಟೈರುಗಳ ಬದಿಯಲ್ಲಿ ನಾಲ್ಕು ಅಂಕಿಗಳಲ್ಲಿ ತಯಾರಿಕೆಯ ವಾರ ಮತ್ತು ವರ್ಷ ಇರುತ್ತದೆ. 2319 ಎಂದರೆ 2019ರ 23ನೇ ವಾರ. 2019ರ ಟ್ರ್ಯಾಕ್ಟರಿಗೆ ಹಿಂದೆ 2019ರ ಟೈರೂ ಮುಂದೆ 2023ರ ಟೈರೂ ಇದ್ದರೆ ಉತ್ತರ ಸಿಕ್ಕಂತೆಯೇ.

ಇಂಜಿನ್ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇದು ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಹೋದ ಕೂಡಲೇ ಬ್ಲಾಕಿನ ಮೇಲೆ ಕೈಯಿಟ್ಟು ನೋಡಿ, ಬೆಚ್ಚಗಿದ್ದರೆ ನೀವು ಬರುವ ಮುನ್ನ ಬಿಸಿ ಮಾಡಿಟ್ಟಿದ್ದಾರೆ. ತಣ್ಣಗಿನ ಇಂಜಿನ್ ಹತ್ತುವುದನ್ನು ನೋಡಲು ಇನ್ನೊಂದು ದಿನ ಮುಂಜಾನೆ ಹೋಗಿ. ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹಗುರವಾದ ಆವಿ ಸಹಜ, ಚಿಮಣಿಯಂತೆ ಹೊಗೆ ನುಗ್ಗಿದರೆ ರಿಂಗು ಮತ್ತು ಲೈನರ್ ಹೋಗಿವೆ. ಎಳೆತದಲ್ಲಿ ನೀಲಿ ಹೊಗೆ ಬಿಡುವುದು, ರೇಡಿಯೇಟರ್ ನೀರಿನ ಮೇಲೆ ಎಣ್ಣೆಯ ಪದರು, ಇವೆರಡೂ ಖರ್ಚಿನ ಗುರುತುಗಳು. ಏರ್ ಫಿಲ್ಟರ್ ಬಿಚ್ಚಿಸಿ, ಅದರ ಆಚೆಗಿನ ರಬ್ಬರ್ ಪೈಪಿನೊಳಗೆ ಬೆರಳಿಟ್ಟು ನೋಡುವುದನ್ನು ಮರೆಯಬೇಡಿ: ಅಲ್ಲಿ ದೂಳಿದ್ದರೆ, ಕಬ್ಬಿನ ದಾರಿಯ ದೂಳೆಲ್ಲ ನೇರವಾಗಿ ಲೈನರಿಗೆ ಹೋಗಿದೆ. ಇನ್ನೊಂದು ಮಾತು, 2023ರ ಜನವರಿ 1ರಿಂದ 50 ಎಚ್‌ಪಿ ಮೀರಿದ ಟ್ರ್ಯಾಕ್ಟರುಗಳಿಗೆ ಟ್ರೆಮ್ 4 ಹೊಗೆ ನಿಯಮ ಜಾರಿಗೆ ಬಂದಿದೆ. ಅದಕ್ಕೆ ತಕ್ಕಂತೆ ತಯಾರಾದ ಇಂಜಿನ್ನುಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣ ಇರುವುದರಿಂದ ದೋಷ ಹುಡುಕಲು ಕಂಪನಿಯ ಸಲಕರಣೆ ಬೇಕಾಗುತ್ತದೆ. ಅದಕ್ಕಿಂತ ಹಿಂದಿನವುಗಳ ಡೀಸೆಲ್ ಪಂಪನ್ನು ಊರಿನ ಪಂಪ್ ಮಿಸ್ತ್ರಿಯೇ ಸರಿಮಾಡಬಲ್ಲ. ಹಳೆಯದನ್ನು ಕೊಳ್ಳುವವರಿಗೆ ಹಿಂದಿನದೇ ಹೆಚ್ಚು ಅನುಕೂಲ ಎಂದು ನನ್ನ ಅಭಿಪ್ರಾಯ.

ಕ್ಲಚ್, ಗೇರ್ ಮತ್ತು ಬ್ರೇಕನ್ನು ಖಾಲಿ ಟ್ರ್ಯಾಕ್ಟರಿನಲ್ಲಿ ಪರೀಕ್ಷಿಸಿ ಪ್ರಯೋಜನವಿಲ್ಲ. ಭಾರದ ಟ್ರೇಲರ್ ಕೇಳಿ ಪಡೆಯಿರಿ, ಕಬ್ಬಿಲ್ಲದ ಕಾಲದಲ್ಲಿ ಮರಳು ಅಥವಾ ಇಟ್ಟಿಗೆಯ ಟ್ರೇಲರ್ ಆದರೂ ಆದೀತು. ಏರಿನಲ್ಲಿ ನಿಲ್ಲಿಸಿ ಮತ್ತೆ ಎತ್ತಿದಾಗ ಇಂಜಿನ್ ಸದ್ದು ಏರಿ ಟ್ರ್ಯಾಕ್ಟರ್ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ. ಇಳಿಜಾರಿನಲ್ಲಿ ಭಾರ ಹಿಂದಿನಿಂದ ತಳ್ಳುವಾಗ ಗೇರ್ ತಾನಾಗಿ ಹೊರಬಂದರೆ, ಅಂಥ ಟ್ರ್ಯಾಕ್ಟರನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ ಎನ್ನಿ. ನಮ್ಮ ಭಾಗದ ಹೆಚ್ಚಿನ ಟ್ರೇಲರುಗಳಿಗೆ ಸ್ವಂತ ಬ್ರೇಕ್ ಇಲ್ಲ. ಹದಿನೈದು ಟನ್ನಿನ ಜೋಡಿ ಟ್ರೇಲರನ್ನು ತಡೆಯುವುದು ಟ್ರ್ಯಾಕ್ಟರಿನ ಎರಡು ಹಿಂದಿನ ಬ್ರೇಕುಗಳು ಮಾತ್ರ. ಟ್ರೇಲರ್ ಬಿಚ್ಚಿ, ಬಯಲಿನಲ್ಲಿ ನಿಧಾನವಾಗಿ ಓಡಿಸುತ್ತ ಎಡ ಮತ್ತು ಬಲದ ಪೆಡಲನ್ನು ಬೇರೆ ಬೇರೆಯಾಗಿ ಒತ್ತಿ: ಎರಡೂ ಕಡೆ ಗಾಲಿ ಒಂದೇ ಬಗೆಯಲ್ಲಿ ಹಿಡಿಯಬೇಕು. ಎರಡೂ ಪೆಡಲುಗಳನ್ನು ಕೂಡಿಸುವ ಚಿಲಕ ಇದೆಯೇ ನೋಡಿ. ಅದಿಲ್ಲದೆ ರಸ್ತೆಗಿಳಿದು ಒಂದೇ ಬದಿಯ ಬ್ರೇಕ್ ಒತ್ತಿದರೆ ಟ್ರ್ಯಾಕ್ಟರ್ ಗಿರಕಿ ಹೊಡೆದು ಟ್ರೇಲರ್ ಮೈಮೇಲೆ ಬರುತ್ತದೆ.

ಹುಕ್ಕಿನ ಎತ್ತರವನ್ನೂ ಗಮನಿಸಿ. ಮೊದಲಿದ್ದುದಕ್ಕಿಂತ ಮೇಲಕ್ಕೆ ವೆಲ್ಡಿಂಗ್ ಮಾಡಿ ಕೂಡಿಸಿದ್ದರೆ, ಎಳೆತ ಹಿಂದಿನ ಆಕ್ಸಲಿನ ಮಟ್ಟಕ್ಕೆ ಬಂದು ಮುಂಭಾಗ ಎತ್ತುತ್ತದೆ. ಮುಂದಿನ ಗಾಲಿ ನೆಲ ಬಿಟ್ಟರೆ ಫೋರ್‌ವೀಲ್ ಇದ್ದೂ ಇಲ್ಲದಂತೆ. ಮುಂದೆ ಬಂಪರಿಗೆ ತೂಗುಹಾಕುವ ತೂಕದ ಬಿಲ್ಲೆಗಳನ್ನು ಟ್ರ್ಯಾಕ್ಟರಿನ ಜೊತೆಗೇ ಕೇಳಿ ಪಡೆಯಿರಿ.

ಗಂಟೆಯ ಮೀಟರನ್ನು ನಂಬುವುದು ಕಷ್ಟ. ವೈರು ಅಥವಾ ಕೇಬಲ್ ಬಿಚ್ಚಿಟ್ಟು ಒಂದಿಡೀ ಹಂಗಾಮು ಓಡಿಸಿರಬಹುದು. ಕ್ಲಚ್ ಪೆಡಲಿನ ರಬ್ಬರ್, ಸ್ಟೇರಿಂಗಿನ ಬಲಗಡೆ ಕೈ ಹಿಡಿಯುವ ಜಾಗ, ಹುಕ್ಕಿನ ಪಿನ್ ಕೂರುವ ತೂತು, ಇವು ಸುಳ್ಳು ಹೇಳುವುದಿಲ್ಲ. ಗುಂಡಗಿರಬೇಕಾದ ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದು ಮೀಟರ್ ಮಾತ್ರ 1,800 ಗಂಟೆ ತೋರಿಸಿದರೆ ಯಾವುದನ್ನು ನಂಬಬೇಕೆಂದು ಹೇಳಬೇಕಿಲ್ಲ.

ಯಾವ ಕಂಪನಿಯದು ಎಂದು ಎಲ್ಲರೂ ಕೇಳುತ್ತಾರೆ. ಜಾನ್ ಡಿಯರ್ 5310, ನ್ಯೂ ಹಾಲೆಂಡ್ 3630, ಮಹೀಂದ್ರಾ ಅರ್ಜುನ್ 605, ಕುಬೋಟಾ ಎಂಯು 5501, ಇವೆಲ್ಲ ಐವತ್ತೈದರ ಆಜುಬಾಜಿನ ಎಚ್‌ಪಿಯವು, ಇವೆಲ್ಲವೂ ಫೋರ್‌ವೀಲಿನಲ್ಲಿ ಬಂದಿವೆ. ಇವುಗಳಲ್ಲಿ ಒಂದನ್ನು ಮೇಲು ಎನ್ನಲು ನನಗೆ ಮನಸ್ಸಿಲ್ಲ. ನಿಮ್ಮ ಊರಿನಿಂದ ಒಂದು ತಾಸಿನ ದಾರಿಯೊಳಗೆ ಯಾವುದರ ಮುಂದಿನ ಆಕ್ಸಲಿನ ಸೀಲು ಮತ್ತು ಬೇರಿಂಗು ಸಿಗುತ್ತವೆಯೋ ಅದೇ ನಿಮಗೆ ಮೇಲು. ಅಂಗಡಿಗೆ ಹೋಗಿ ಮಾಡೆಲ್ ಹೆಸರು ಹೇಳಿ, ಹಬ್ಬಿನ ಸೀಲು ಕೈಗೆ ಕೊಡಿ ಎಂದು ಕೇಳಿ ನೋಡಿ. ಎಳೆತದ ಬಗ್ಗೆ ಮಾರಾಟಗಾರರ ಮಾತಿಗಿಂತ ಮಧ್ಯಪ್ರದೇಶದ ಬುಧ್ನಿಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರ ಪರೀಕ್ಷಾ ಸಂಸ್ಥೆಯ ವರದಿಗಳು ನಂಬಲರ್ಹ. ಡ್ರಾಬಾರ್ (ಹಿಂದೆ ಭಾರ ಕಟ್ಟುವ ಪಟ್ಟಿಯ) ಎಳೆತ ಎಷ್ಟು, ಯಾವ ತೂಕದಲ್ಲಿ ಎಂಬುದು ಅವುಗಳಲ್ಲಿ ಇರುತ್ತದೆ.

ಕಾಗದಪತ್ರಗಳಲ್ಲಿ ಅವಸರ ಬೇಡ. ಆರ್‌ಸಿಯಲ್ಲಿನ ಚಾಸಿ ಮತ್ತು ಇಂಜಿನ್ ನಂಬರನ್ನು ಲೋಹದ ಮೇಲೆ ಕೆತ್ತಿದ್ದಕ್ಕೆ ನೀವೇ ಹೋಲಿಸಿ, ಕೊನೆಯ ಅಂಕಿಯವರೆಗೂ. ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ (ಅಭ್ಯಂತರವಿಲ್ಲವೆಂಬ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35 ಇಲ್ಲದೆ ಸಂಚಕಾರ ಕೊಡಬೇಡಿ. ವರ್ಗಾವಣೆಗೆ ಫಾರ್ಮ್ 29 ಮತ್ತು 30 ಬೇಕು, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯವರು ಕೊಲ್ಲಾಪುರ, ಸಾಂಗಲಿಯಿಂದ ಅಗ್ಗವಾಗಿ ತರುವುದುಂಟು. ಎಂಎಚ್ ನಂಬರಿನದಾದರೆ ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಮಾರುವವರೇ ತೆಗೆಸಿಕೊಡಬೇಕೆಂದು ಮೊದಲೇ ಬರೆಸಿಕೊಳ್ಳಿ. ಟ್ರೇಲರಿಗೆ ಬೇರೆಯೇ ನೋಂದಣಿ ಇರುತ್ತದೆ, ಅದನ್ನೂ ಕೇಳಿ. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸುವಾಗ ಅದು ಸ್ವಂತ ಬೇಸಾಯಕ್ಕೆ ಮಾತ್ರವೋ, ಬೇರೆಯವರ ಕಬ್ಬನ್ನು ಬಾಡಿಗೆಗೆ ಸಾಗಿಸಿದರೂ ನಡೆಯುತ್ತದೆಯೋ ಎಂದು ಬರವಣಿಗೆಯಲ್ಲಿ ಓದಿಕೊಳ್ಳಿ. ಅಪಘಾತವಾದ ಮೇಲೆ ಆ ಒಂದು ಸಾಲಿಗಾಗಿ ಕೋರ್ಟು ಅಲೆಯುವ ಕುಟುಂಬಗಳ ಕಷ್ಟ ದೊಡ್ಡದು.

ಬೆಲೆಗೆ ಬಂದರೆ, ಏಪ್ರಿಲ್ ಮತ್ತು ಮೇ ತಿಂಗಳು ಕೊಳ್ಳುವವರಿಗೆ ಒಳ್ಳೆಯದು. ಗ್ಯಾಂಗಿಗೆ ಕೊಟ್ಟ ಮುಂಗಡ ಮುಳುಗಿದವರು, ಕಂತು ಕಟ್ಟಲಾಗದವರು ಆಗ ಮಾರಲು ತೆಗೆಯುತ್ತಾರೆ. ಸೆಪ್ಟೆಂಬರಿನಲ್ಲಿ ಅದೇ ಟ್ರ್ಯಾಕ್ಟರಿಗೆ ಗಿರಾಕಿಗಳು ಸಾಲುಗಟ್ಟುತ್ತಾರೆ. 2025ರ ಸೆಪ್ಟೆಂಬರ್ 22ರಿಂದ ಹೊಸ ಟ್ರ್ಯಾಕ್ಟರುಗಳ ಮೇಲಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ, ಆದರೂ ಹಳೆಯದನ್ನು ಮಾರುವವರು ತಾವು ಕೊಂಡಾಗಿನ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಅದೇ ಮಾಡೆಲಿನ ಹೊಸದರ ಇಂದಿನ ದರಪಟ್ಟಿಯನ್ನು ಶೋರೂಮಿನಿಂದ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಂಡೇ ಮಾತಿಗೆ ಕುಳಿತುಕೊಳ್ಳಿ.

ಟ್ರ್ಯಾಕ್ಟರ್ ಮನೆಗೆ ಬಂದ ದಿನವೇ ಮುಂದಿನ ಎರಡೂ ಹಬ್ಬು ಮತ್ತು ನಡುವಿನ ಗುಂಡಿನ ಆಯಿಲನ್ನು ಪೂರ್ತಿ ಇಳಿಸಿ ಹೊಸದು ತುಂಬಿಸಿ, ತಾರೀಖು ಮತ್ತು ಮೀಟರಿನ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಐವತ್ತು ಗಂಟೆ ಓಡಿದ ಮೇಲೆ ಮತ್ತೆ ಒಂದು ಚಮಚ ಬಿಡಿಸಿ, ಅದೇ ಸ್ಟೀಲ್ ಬಟ್ಟಲಿನಲ್ಲಿ ಬಿಸಿಲಿಗೆ ಹಿಡಿದು ನೋಡಿ. ಚಾಲಕನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವನಿಗೂ ತೋರಿಸಿ, ಹೊಲ ದಾಟಿ ಡಾಂಬರು ಮುಟ್ಟುವ ಮೊದಲು ಲಿವರ್ ಬಿಡಬೇಕಾದವನು ಅವನೇ.